ಹಳ್ಳಿ ಕಡೆ ಜಮೀನು ಮಾಲೀಕರ ಸಂಘ ಇರೋ ಕಡೆ ಜಾಗ ತಗೊಳ್ಳೋ ಮುಂಚೆ ಏನೇನ್ ಕೇಳ್ಬೇಕು?

ಹೊಸ_ಜಾಗ
ಎಲ್ರಿಗೂ ನಮಸ್ಕಾರ. ಊರಾಚೆ ಐದು ಎಕರೆ ಜಾಗ ನೋಡಿದೀವಿ, ಹೆಚ್ಚುಕಮ್ಮಿ ಮನಸ್ಸು ಮಾಡಿಯಾಗಿದೆ. ಅಲ್ಲಿ ಸುಮಾರು ಮೂವತ್ತು ಜನ ಮಾಲೀಕರಿದಾರೆ, ಎಲ್ಲಾರದ್ದೂ ದೊಡ್ಡ ದೊಡ್ಡ ಜಾಗ, ಒಳಗಿನ ಮಣ್ಣು ರಸ್ತೆ ಸರ್ಕಾರದ್ದಲ್ಲ, ಇವರೇ ಒಂದು ಸಂಘ ಮಾಡ್ಕೊಂಡು ನೋಡ್ಕೋತಾರಂತೆ. ಬೈಲಾ ಅಂತ, ಅಂದ್ರೆ ಸಂಘದ ನಿಯಮಗಳದ್ದು, ದಪ್ಪದೊಂದು ಪಿಡಿಎಫ್ ಕಳ್ಸಿದಾರೆ, ಓದಿದ್ರೆ ಅರ್ಧ ತಲೆಗೆ ಹೋಗ್ತಿಲ್ಲ. ನನ್ನ ಡೌಟು ಇಷ್ಟು: ಸಂಘಕ್ಕೆ ಸೇರಲೇಬೇಕಾ, ಬೇಡ ಅಂದ್ರೆ ಏನಾಗುತ್ತೆ? ವರ್ಷದ ಮೇಂಟೆನೆನ್ಸ್ ಯಾವ ಲೆಕ್ಕದಲ್ಲಿ ಹಾಕ್ತಾರೆ? ನನ್ನ ಜಾಗದಲ್ಲಿ ನಾನು ಮೇಕೆ ಸಾಕಿದ್ರೆ ಇವರು ಬೇಡ ಅನ್ನಬಹುದಾ? ಇನ್ನೊಂದು, ಆ ರಸ್ತೆ ನಮ್ಮ ಜಾಗದ ಒಂದು ಮೂಲೇಲಿ ಹಾದು ಹೋಗುತ್ತೆ, ಹಾಗಿದ್ಮೇಲೆ ಆ ಭಾಗ ನಂದೇ ತಾನೇ, ಗೇಟ್ ಹಾಕ್ಕೋಬಹುದಾ? ಅಂಥ ಕಡೆ ಇರೋರು, ಇದ್ದು ಬಿಟ್ಟು ಬಂದೋರು ದಯವಿಟ್ಟು ಹೇಳಿ.

ಸಂಘ_ಬೇಡಪ್ಪ
ನಂದು ಒಂದೇ ಮಾತು, ಸಂಘ ಇಲ್ಲದ ಜಾಗ ನೋಡಿ. ಜನ ಹಳ್ಳಿ ಕಡೆ ಹೋಗೋದೇ ಯಾರ ಕಾಟಾನೂ ಬೇಡ ಅಂತ, ಅಲ್ಲೂ ಹೋಗಿ ಅಧ್ಯಕ್ಷ ಕಾರ್ಯದರ್ಶಿ ಮೀಟಿಂಗು ನೋಟಿಸು ಅಂದ್ರೆ ಯಾವ ಸುಖಕ್ಕೆ.

ಮಾಜಿ_ಖಜಾಂಚಿ
ಬೇಡಪ್ಪ ಅವರೇ, ಸಂಘ ಇಲ್ಲದ ಕಡೆ ರಸ್ತೆ ಯಾರು ಮಾಡಿಸ್ತಾರೆ ಅಂತಾನೂ ಹೇಳ್ಬಿಡಿ. ಮಳೆ ಬಂದು ಕೊಚ್ಕೊಂಡ್ ಹೋದ್ಮೇಲೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಲ್ಲೋದಾ?

ಹೊಸ_ಜಾಗ ಅವರಿಗೆ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬೈಲಾದಲ್ಲಿ ಹುಡುಕಬೇಡಿ, ಕ್ರಯಪತ್ರದಲ್ಲಿ ಹುಡುಕಿ. ಇಂಥ ಸಂಘಗಳಲ್ಲಿ ಎರಡು ಥರ ಇದೆ. ಒಂದು, ಅಕ್ಕಪಕ್ಕದವರು ಸೇರಿ ತಾವಾಗೇ ಮಾಡ್ಕೊಂಡಿರೋದು, ಇಷ್ಟ ಇದ್ರೆ ಸೇರು ಇಲ್ದಿದ್ರೆ ಬಿಡು. ಇನ್ನೊಂದು, ಮೊದಲು ಜಾಗ ತುಂಡು ಮಾಡಿ ಮಾರಿದ ಮನುಷ್ಯ ಅವಾಗ್ಲೇ ಒಂದು ಷರತ್ತುಪತ್ರ ನೋಂದಣಿ ಮಾಡಿಸಿ, ಈ ಜಾಗ ಯಾರೇ ತಗೊಂಡ್ರೂ ಸದಸ್ಯ ಆಗಬೇಕು, ವಂತಿಗೆ ಕಟ್ಟಬೇಕು ಅಂತ ಬರೆಸಿಟ್ಟಿರೋದು. ಎರಡನೇ ಥರದ್ದಾದ್ರೆ ನೀವು ಸೇರೋ ಬಿಡೋ ಮಾತೇ ಬರಲ್ಲ, ಜಾಗ ಆಗ್ಲೇ ಸೇರ್ಕೊಂಡಿದೆ, ನೀವು ಅದರ ಹಿಂದೆ ಹೋಗ್ತಿದೀರ ಅಷ್ಟೇ. ಆ ಷರತ್ತು ಜಾಗಕ್ಕೆ ಅಂಟ್ಕೊಂಡಿರುತ್ತೆ, ಮನುಷ್ಯನಿಗಲ್ಲ. ನಾಳೆ ನೀವು ಮಾರಿದ್ರೂ ತಗೊಂಡೋರ ತಲೆ ಮೇಲೆ ಹೋಗುತ್ತೆ. ಅದೇ ಕಾರಣಕ್ಕೆ ಹಳೇ ಮಾಲೀಕರು ಬಾಕಿ ಇಟ್ಟಿದ್ರೆ ಅದೂ ನಿಮ್ಮ ಕೊರಳಿಗೆ ಬರೋ ಚಾನ್ಸ್ ಇದೆ, ಎಷ್ಟೋ ದೇಶದ ಕಾನೂನಲ್ಲಿ ಕಟ್ಟದೇ ಉಳಿದ ವಂತಿಗೆ ಜಾಗದ ಮೇಲಿನ ಸಾಲದ ಥರಾನೇ ಕೂರುತ್ತೆ. ಹಾಗಾಗಿ ಇಂಥ ದಿನಾಂಕದವರೆಗೆ ಬಾಕಿ ಇಲ್ಲ ಅಂತ ಸಂಘದ ಲೆಟರ್‌ಹೆಡ್‌ನಲ್ಲಿ ಸೀಲು ಸಹಿ ಹಾಕ್ಸಿ ಕಾಗದ ತಗೊಳ್ಳಿ. ವಾಟ್ಸಾಪ್ ಮೆಸೇಜ್ ನಂಬ್ಕೊಂಡು ಕೂರಬೇಡಿ.

ಬೇಲಿಪಕ್ಕ
+1 ಬಾಕಿ ಪತ್ರ. ಮರೀಬೇಡಿ.

ಹೊಸ_ಜಾಗ
ಥ್ಯಾಂಕ್ಸ್ ಸರ್. ಗೇಟ್ ವಿಷ್ಯ?

ಮಾಜಿ_ಖಜಾಂಚಿ
ನೆಲ ನಿಮ್ದು, ಓಡಾಡೋ ಹಕ್ಕು ಬೇರೆಯವರದ್ದು. ಇದಕ್ಕೇ ದಾರಿ ಹಕ್ಕು ಅನ್ನೋದು. ನಿಮ್ಮ ಮೂಲೇಲಿ ಹೋಗೋ ಆ ಪಟ್ಟಿಗೆ ನೀವು ತೆರಿಗೆ ಕಟ್ತೀರ, ಆದ್ರೆ ಅದರ ಮೇಲೆ ಕಲ್ಲು ಜೋಡ್ಸೋದು, ಗಿಡ ನೆಡೋದು, ಕಾರ್ ಅಡ್ಡ ನಿಲ್ಸೋದು ಆಗಲ್ಲ. ಗೇಟ್ ಹಾಕ್ಬಹುದಾ ಅನ್ನೋದು ಪತ್ರದಲ್ಲಿ ಏನು ಬರೆದಿದೆ ಅದರ ಮೇಲೆ ನಿಂತಿದೆ. ಏನೂ ಬರೆದಿಲ್ಲ ಅಂದ್ರೆ, ಓಡಾಡೋಕೆ ಹೇಳ್ಕೊಳ್ಳೋವಂಥ ಅಡ್ಡಿ ಆಗುತ್ತಾ ಇಲ್ವಾ ಅಂತ ಕೋರ್ಟು ಸಾಮಾನ್ಯವಾಗಿ ನೋಡುತ್ತೆ. ಮುಚ್ಚಿರೋ ಗೇಟ್ ಬೇರೆ, ಬೀಗ ಹಾಕಿರೋ ಗೇಟ್ ಬೇರೆ. ಬೀಗ ಅಂದ ತಕ್ಷಣ ಕೀ ಯಾರ್ಯಾರ ಹತ್ರ, ಆಂಬುಲೆನ್ಸ್ ಬಂದ್ರೆ ಯಾರು ತೆಗೀತಾರೆ, ಕೊರಿಯರ್ ಹುಡುಗ ಏನ್ಮಾಡ್ಬೇಕು, ಎಲ್ಲಾ ಶುರು.

ದಾರಿಯ ಅಗಲ ಎಷ್ಟು ಅಂತ ಬರೆದಿದೆ ಅದನ್ನೂ ನೋಡಿ, ಕಣ್ಣಿಗೆ ಕಾಣೋ ರಸ್ತೆ ಅಗಲ ಅಲ್ಲ. ಅಲ್ಲಿ ಓಡಾಡ್ತಿರೋದು ಹನ್ನೆರಡು ಅಡಿ ಇರಬಹುದು, ಪತ್ರದಲ್ಲಿ ಮೂವತ್ತು ಇರಬಹುದು. ನೀವು ಹನ್ನೆರಡಕ್ಕೆ ಲೆಕ್ಕ ಹಾಕಿ ಬೇಲಿ ಕಟ್ಟಿ ಮುಗಿಸಿದ್ಮೇಲೆ ಚರಂಡಿ ತೆಗೆಯೋಕೆ ಅಂತ ಜೆಸಿಬಿ ಬರುತ್ತೆ, ನಿಮ್ಮ ಕಂಬ ಪತ್ರದ ಪ್ರಕಾರ ರಸ್ತೆ ಒಳಗೆ ಇರುತ್ತೆ.

ಬೇಲಿಪಕ್ಕ
ಇದು ನಮ್ಮ ಪಕ್ಕದ ಜಾಗದೋರಿಗೆ ಆಯ್ತು, ಉದ್ದಕ್ಕೂ ಹಾಕಿದ್ದ ಕಲ್ಲು ಕಂಬ ಎಲ್ಲಾ ಕೀಳಿಸಿದ್ರು. ಸರ್ವೇ ಮಾಡ್ಸದೇ ಬೇಲಿ ಹಾಕ್ಲೇಬೇಡಿ ಮತ್ತೆ. ಅಂದಹಾಗೆ ಫೈರ್ ಎಂಜಿನ್ ಲೆಕ್ಕಾನೂ ಇಟ್ಕೊಳ್ಳಿ. ಅಮೆರಿಕದಲ್ಲಿ ಬಹಳ ಕಡೆ ಪಾಲಿಸೋ ಇಂಟರ್‌ನ್ಯಾಷನಲ್ ಫೈರ್ ಕೋಡ್‌ನಲ್ಲಿ ಅಡ್ಡಿ ಇಲ್ಲದ ಅಗಲ 20 ಅಡಿ, ಮೇಲ್ಗಡೆ ಕೊಂಬೆ ಗಿಂಬೆ ಇಲ್ದೆ 13 ಅಡಿ 6 ಇಂಚು ಬೇಕು ಅಂತಿದೆ. ನೀವಿರೋ ಕಡೆ ರೂಲ್ ಬೇರೆ ಇರಬಹುದು, ಆದ್ರೆ ಅಳತೆ ಒಂದು ಅಂದಾಜಿಗೆ ಚೆನ್ನಾಗಿದೆ. ಗೇಟ್ ಕಂಬಗಳ ಮಧ್ಯೆ ಟೇಪ್ ಹಿಡಿದು ನೋಡಿ, ಬೇಜಾರಾಗುತ್ತೆ.

ಕೊನೇಮನೆ
ಮೇಂಟೆನೆನ್ಸ್ ಲೆಕ್ಕ ಕೇಳಿದೀರಲ್ಲ, ಎಲ್ಲಾ ಜಗಳದ ತಾಯಿಬೇರು ಅದೇ. ನಾನಿರೋದು ರಸ್ತೆಯ ಕಟ್ಟಕಡೇ ಜಾಗದಲ್ಲಿ. ನಮ್ಮಲ್ಲಿ ಎಲ್ಲರಿಗೂ ಸಮ. ಮೇನ್ ರೋಡ್ ಹತ್ರ ಇರೋರು ಏನಂತಾರೆ, ನಾವು ಓಡಿಸೋದು ನೂರು ಮೀಟರ್, ನೀವು ಎರಡು ಕಿಲೋಮೀಟರ್, ನಮಗ್ಯಾಕೆ ಅಷ್ಟೇ ದುಡ್ಡು ಅಂತ. ನಾನಂತೀನಿ, ನಿಮ್ಮ ಮನೆ ಮುಂದೆ ಜಲ್ಲಿ ಹಾಕಿದ್ದು ನನ್ನ ದುಡ್ಡಲ್ಲೂ ತಾನೇ, ನನ್ನ ಮನೆ ಮುಂದೆ ಇನ್ನೂ ಗುಂಡಿ ಹಾಗೇ ಇದೆ. ಪ್ರತೀ ವರ್ಷ ಇದೇ ಹಾಡು.

ಸಂಘ_ಬೇಡಪ್ಪ
ಎಕರೆ ಲೆಕ್ಕ ಹಾಕಿದ್ರೆ ಸರಿ ಹೋಗುತ್ತೆ, ಜಾಸ್ತಿ ಜಾಗ ಇರೋನು ಜಾಸ್ತಿ ಕೊಡ್ಲಿ.

ಕೊನೇಮನೆ
ನಲವತ್ತು ಎಕರೆ ಕಾಡು ಬಿಟ್ಕೊಂಡು ವರ್ಷಕ್ಕೊಂದು ಸಲ ಬಂದು ನೋಡ್ಕೊಂಡು ಹೋಗೋನು ನಲವತ್ತು ಪಾಲು ಕೊಡ್ಬೇಕು, ಒಂದೆಕರೇಲಿ ಹೋಮ್‌ಸ್ಟೇ ನಡೆಸಿ ದಿನಾ ಹತ್ತು ಕಾರ್ ಕರೆಸ್ಕೊಳ್ಳೋನು ಒಂದು ಪಾಲು. ಇದು ನ್ಯಾಯಾನಾ?

ಜಲ್ಲಿಪುಡಿ
ಈ ಜಗಳ ಎಲ್ಲಾ ಕಡೆ ಇದೆ, ಕೆಲವು ದೇಶ ಇದನ್ನ ಕಾನೂನಲ್ಲೇ ಬಗೆಹರಿಸ್ಕೊಂಡಿವೆ. ಸ್ವೀಡನ್ನಲ್ಲಿ 1973ರ ಕಾಯ್ದೆ ಒಂದಿದೆ, ಫಿನ್‌ಲ್ಯಾಂಡ್‌ನಲ್ಲಿ ಖಾಸಗಿ ರಸ್ತೆ ಕಾಯ್ದೆ 2019ರಿಂದ ಹೊಸದಾಗಿ ಜಾರಿಗೆ ಬಂದಿದೆ. ಎರಡು ಕಡೇನೂ ಹಳ್ಳಿ ಕಡೆ ಖಾಸಗಿ ರಸ್ತೆಗಳಿಗೆ ಹೀಗೇ ಮಾಲೀಕರ ಸಂಘ ಇರುತ್ತೆ, ಅಲ್ಲಿ ಪಾಲು ಹಾಕೋ ರೂಢಿಯ ಲೆಕ್ಕ ಟನ್-ಕಿಲೋಮೀಟರ್. ಅಂದ್ರೆ ನಿಮ್ಮ ಜಾಗಕ್ಕೆ ವರ್ಷದಲ್ಲಿ ಅಂದಾಜು ಎಷ್ಟು ಟನ್ ಭಾರ ಓಡಾಡುತ್ತೆ, ಅದು ಈ ರಸ್ತೆ ಮೇಲೆ ಎಷ್ಟು ದೂರ ಬರುತ್ತೆ, ಎರಡನ್ನೂ ಗುಣಿಸಿ ಬಂದಿದ್ದು ನಿಮ್ಮ ಪಾಲು. ಸದಾ ವಾಸ ಇರೋ ಮನೆಗೆ ಒಂದು ಅಂದಾಜು, ರಜಾ ದಿನದ ಮನೆಗೆ ಕಡಿಮೆ, ಮರ ಸಾಗಿಸೋ ಕಾಡಿಗೆ ಬೇರೆ. ಕಷ್ಟ ಅನ್ಸುತ್ತೆ, ಆದ್ರೆ ಒಂದು ಸಲ ಕೂತು ಪಟ್ಟಿ ಮಾಡಿದ್ರೆ ಹತ್ತು ವರ್ಷದ ಜಗಳ ಉಳಿಯುತ್ತೆ.

ಭಾರ ಯಾಕೆ ಮುಖ್ಯ ಅಂದ್ರೆ, ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನ ಸುತ್ತಿಸಿ ಸುತ್ತಿಸಿ ಒಂದು ದೊಡ್ಡ ರಸ್ತೆ ಪರೀಕ್ಷೆ ಮಾಡಿದ್ರು. ಅದರಿಂದ ಬಂದ ಲೆಕ್ಕ, ಆಕ್ಸಲ್, ಅಂದ್ರೆ ಎರಡು ಕಡೆ ಚಕ್ರ ಕೂರೋ ಅಚ್ಚು, ಅದರ ಮೇಲಿನ ಭಾರ ಎರಡು ಪಟ್ಟಾದ್ರೆ ರಸ್ತೆಗೆ ಆಗೋ ಪೆಟ್ಟು ಸುಮಾರು ಹದಿನಾರು ಪಟ್ಟು. ಅದು ಟಾರು ಕಾಂಕ್ರೀಟು ರಸ್ತೆಯ ಲೆಕ್ಕ, ಮಣ್ಣು ರಸ್ತೆಗೆ ಹಾಗೇ ಕೂರಲ್ಲ, ಆದ್ರೂ ಯಾರು ಹಾಳು ಮಾಡ್ತಿದಾರೆ ಅನ್ನೋದಕ್ಕೆ ದಿಕ್ಕು ಸಿಗುತ್ತೆ. ಮೂವತ್ತು ಮನೆಯ ಕಾರುಗಳು ವರ್ಷವಿಡೀ ಮಾಡದ ಹಾನಿ ಒಬ್ಬರು ಮನೆ ಕಟ್ಟಿಸುವಾಗ ಬರೋ ಸಿಮೆಂಟ್ ಲಾರಿ, ಬೋರ್‌ವೆಲ್ ಲಾರಿ ಒಂದೇ ಮಳೆಗಾಲದಲ್ಲಿ ಮಾಡಿ ಹೋಗ್ತವೆ. ಮನೆ ಕಟ್ಟೋರ ಹತ್ರ ಮೊದಲೇ ರಸ್ತೆ ಡೆಪಾಸಿಟ್ ಇಟ್ಕೊಂಡು, ಮುಗಿದ್ಮೇಲೆ ರಸ್ತೆ ಮೊದಲಿದ್ದ ಹಾಗೇ ಇದ್ರೆ ವಾಪಸ್ ಕೊಡೋ ನಿಯಮ ಇದೆಯಾ ನೋಡಿ ಹೊಸ_ಜಾಗ ಅವರೇ, ಯಾಕಂದ್ರೆ ನೀವೂ ಕಟ್ಟೋರೇ.

ಹೊಸ_ಜಾಗ
ಇದೆ ಸರ್, ಡೆಪಾಸಿಟ್ ಅಂತ ಒಂದು ಕಲಂ ಇದೆ, ನನಗೆ ಅದು ಸುಲಿಗೆ ಅನ್ಸಿತ್ತು 😅

ಸಂಘ_ಬೇಡಪ್ಪ
ಸುಲಿಗೇನೇ. ವಾಪಸ್ ಕೊಟ್ಟಿದ್ದನ್ನ ನೋಡಿದೋರು ಯಾರಾದ್ರೂ ಇದೀರಾ ಇಲ್ಲಿ?

ಮಾಜಿ_ಖಜಾಂಚಿ
ನಾನೇ ಚೆಕ್ ಬರೆದು ಕೊಟ್ಟಿದೀನಿ. ಕೆಲಸ ಶುರು ಆಗೋ ಮುಂಚೆ ರಸ್ತೆಯ ಫೋಟೋ ತೆಗೆದು ಇಬ್ಬರೂ ಸಹಿ ಹಾಕಿಟ್ರೆ ತಕರಾರೇ ಬರಲ್ಲ.

ಜಲ್ಲಿಪುಡಿ
ರಸ್ತೆ ವಿಷ್ಯ ಬಂದಿದೆ ಅಂತ ಇನ್ನೊಂದು, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ. ಸಂಘದವರು ದುಡ್ಡನ್ನೆಲ್ಲಾ ಜಲ್ಲಿ ಮೇಲೆ ಹಾಕ್ತಾರೆ, ನೀರಿನ ಮೇಲೆ ಹಾಕಲ್ಲ. ಮಣ್ಣು ರಸ್ತೆ ಹಾಳಾಗೋದು ನೀರಿಂದ. ಲೆಕ್ಕ ನೋಡಿ, ಒಂದು ಕಿಲೋಮೀಟರ್ ಉದ್ದ ಐದು ಮೀಟರ್ ಅಗಲದ ರಸ್ತೆ ಮೇಲೆ 25 ಮಿಲಿಮೀಟರ್ ಮಳೆ ಬಿತ್ತು ಅಂದ್ರೆ 1,25,000 ಲೀಟರ್ ನೀರು, ಇದು ಬರೀ ರಸ್ತೆ ಮೇಲೆ ಬಿದ್ದಿದ್ದು, ಗುಡ್ಡದ ಕಡೆಯಿಂದ ಇಳಿದು ಬರೋದು ಲೆಕ್ಕಕ್ಕಿಲ್ಲ. ಅಷ್ಟೂ ನೀರು ಪಕ್ಕಕ್ಕೆ ಹೋಗಬೇಕು, ಉದ್ದಕ್ಕೆ ಹರೀಬಾರದು. ಅದಕ್ಕೇ ನಡು ಎತ್ತರ ಇರಬೇಕು, ಕ್ಯಾಂಬರ್ ಅಂತೀವಿ, ಮಣ್ಣು ರಸ್ತೆಗೆ ನಾಲ್ಕು ಪರ್ಸೆಂಟ್ ಇದ್ರೆ ಒಳ್ಳೇದು, ಅಂದ್ರೆ ನಡುವಿನಿಂದ ಹತ್ತು ಅಡಿ ಪಕ್ಕಕ್ಕೆ ಬಂದ್ರೆ ಐದಿಂಚು ಹತ್ರ ಇಳಿಜಾರು. ನೀವು ಜಾಗ ನೋಡೋಕೆ ಹೋದಾಗ ರಸ್ತೆ ನಡುವೆ ನಿಂತ್ಕೊಂಡು ನೋಡಿ, ನಡು ತಗ್ಗು ಎರಡು ಅಂಚು ಎತ್ತರ ಇದ್ರೆ ಅದು ರಸ್ತೆ ಅಲ್ಲ ಕಾಲುವೆ.

ಅಂಚಲ್ಲಿ ಇನ್ನೊಂದು ನೋಡಿ. ರಸ್ತೆ ಕೆತ್ತಿ ಸಮ ಮಾಡೋಕೆ ಬ್ಲೇಡ್ ಹಾಕೋನು ಅರ್ಜೆಂಟಲ್ಲಿ ಹೊಡ್ಕೊಂಡು ಹೋದ್ರೆ ಮಣ್ಣು ಎರಡೂ ಅಂಚಿಗೆ ಬದು ಥರ ಸೇರ್ಕೊಂಡು, ಅದರ ಮೇಲೆ ಹುಲ್ಲು ಬಂದು ಗಟ್ಟಿಯಾಗುತ್ತೆ. ಆಮೇಲೆ ಪಕ್ಕದಲ್ಲಿ ಚರಂಡಿ ಎಷ್ಟು ಚೆನ್ನಾಗಿದ್ರೂ ನೀರು ಅದನ್ನ ಮುಟ್ಟೋದೇ ಇಲ್ಲ, ಬದುವಿನ ಒಳಗೇ ಚಕ್ರದ ಜಾಡಲ್ಲಿ ಕೆಳಗಿನವರೆಗೂ ಹರಿದು, ಹಾಕಿದ್ದ ಹೊಸ ಜಲ್ಲೀನ ಇಳಿಜಾರಿನ ತುದೀಲಿ ರಾಶಿ ಹಾಕುತ್ತೆ. ಆ ರಾಶಿ ಕಂಡ್ರೆ ಸಂಘ ಎಷ್ಟು ಸಲ ದುಡ್ಡು ಸುರಿದಿದೆ ಅಂತ ಗೊತ್ತಾಗುತ್ತೆ.

ಜಲ್ಲೀನೂ ಮೂಲೆ ಇರೋ ಒಡೆದ ಕಲ್ಲೇ ಆಗ್ಬೇಕು, ಜೊತೆಗೆ ಪುಡಿ ಇರ್ಬೇಕು. ಹೊಳೆಯ ಉರುಟು ಕಲ್ಲು ನೋಡೋಕೆ ಚೆಂದ, ಒಂದಕ್ಕೊಂದು ಕಚ್ಕೊಳ್ಳಲ್ಲ, ಚಕ್ರದ ಕೆಳಗೆ ಉರುಳಿ ಪಕ್ಕಕ್ಕೆ ಹೋಗುತ್ತೆ.

ಬೇಲಿಪಕ್ಕ
ಸರ್, ರಸ್ತೆ ಅಲೆ ಅಲೆ ಆಗಿ ಗಡಗಡ ಅನ್ನುತ್ತಲ್ಲ ಅದು ಯಾಕೆ? ನಮ್ಮಲ್ಲಿ ಎಲ್ಲಾ ಆ ಹೋಮ್‌ಸ್ಟೇ ಅವರ ಮೇಲೆ ಹಾಕ್ತಾರೆ.

ಜಲ್ಲಿಪುಡಿ
ಎಲ್ಲಾರೂ ಪಾಲುದಾರರೇ. 2007ರಲ್ಲಿ ಭೌತವಿಜ್ಞಾನಿಗಳು ಮರಳಿನ ಮೇಲೆ ಒಂದು ಚಕ್ರ ಉರುಳಿಸ್ತಾ ಪ್ರಯೋಗ ಮಾಡಿ ತೋರಿಸಿದಾರೆ, ವೇಗ ಒಂದು ಮಿತಿ ದಾಟಿದ್ರೆ ಅಲೆ ತಾನಾಗೇ ಏಳುತ್ತೆ, ಕೆಳಗಿದ್ರೆ ಏಳಲ್ಲ. ಚಕ್ರಕ್ಕೆ ಸಸ್ಪೆನ್ಷನ್ನೇ ಇಲ್ದಿದ್ರೂ ಏಳುತ್ತೆ. ಆದ್ರೆ ಆ ಮಿತಿ ಎಷ್ಟು ಕಡಿಮೆ ಅಂದ್ರೆ ಅಷ್ಟು ನಿಧಾನ ಯಾರೂ ಓಡಿಸಲ್ಲ. ಹಾಗಾಗಿ ವೇಗ ಇಳಿಸಿದ್ರೆ ನಿಧಾನವಾಗಿ ಬರುತ್ತೆ ಅಷ್ಟೇ. ಕೆತ್ತಿ ಸಮ ಮಾಡುವಾಗ ಅಲೆಯ ತಳದ ತನಕ ಕೆತ್ತಬೇಕು, ಮಣ್ಣಲ್ಲಿ ಪಸೆ ಇರುವಾಗ್ಲೇ ಮಾಡಬೇಕು. ಒಣ ಬೇಸಿಗೇಲಿ ಮೇಲ್ಮೇಲೆ ಹೆರೆದು ತಗ್ಗಿಗೆ ಪುಡಿ ತುಂಬಿದ್ರೆ ಬೇಗ್ನೇ ಮತ್ತೆ ಅಲ್ಲೇ ಅಲೆ.

ಮೇಕೆ_ಮೇಡಂ
ಯಾರೂ ಮೇಕೆ ಬಗ್ಗೆ ಹೇಳ್ಲೇ ಇಲ್ಲ! ನಾನು ಸಾಕ್ತೀನಿ, ಹೇಳ್ತೀನಿ. ಷರತ್ತುಪತ್ರದಲ್ಲಿ ಮೂರು ವಿಷ್ಯ ನೋಡಿ: ಪ್ರಾಣಿ ಸಾಕೋದಕ್ಕೆ ನಿಷೇಧ ಇದೆಯಾ, ಎಕರೆಗೆ ಇಷ್ಟು ತಲೆ ಅಂತ ಮಿತಿ ಇದೆಯಾ, ಮಾರಾಟಕ್ಕೆ ಸಾಕೋದು ಮನೆ ಬಳಕೆಗೆ ಸಾಕೋದು ಅಂತ ಬೇರೆ ಮಾಡಿದಾರಾ. ಕೆಲವರು ಹಂದಿ ಒಂದನ್ನ ಬಿಟ್ಟು ಬೇರೆ ಎಲ್ಲಾ ಓಕೆ ಅಂತ ಬರೆದಿರ್ತಾರೆ.

ಅದಕ್ಕಿಂತ ದೊಡ್ಡದು ಬೇಲಿ ಯಾರ ಜವಾಬ್ದಾರಿ ಅನ್ನೋದು. ಸಾಮಾನ್ಯವಾಗಿ ಪ್ರಾಣಿ ಸಾಕೋನೇ ಅದು ಆಚೆ ಹೋಗದ ಹಾಗೆ ಕಟ್ಕೋಬೇಕು. ಆದ್ರೆ ಅಮೆರಿಕದ ಪಶ್ಚಿಮದ ಕೆಲವು ಕಡೆ ಕಾನೂನು ಉಲ್ಟಾ ಇದೆ, ದನ ಬಿಟ್ಟಿದ್ದು ಬಿಟ್ಟಿರ್ತಾರೆ, ಬೇಡ ಅನ್ನೋನು ತನ್ನ ಜಾಗಕ್ಕೆ ತಾನೇ ಬೇಲಿ ಹಾಕ್ಕೋಬೇಕು. ಹೊಸದಾಗಿ ಹೋದೋರು ತೋಟಕ್ಕೆ ದನ ನುಗ್ತು ಅಂತ ಕಂಪ್ಲೇಂಟ್ ಕೊಡೋಕೆ ಹೋಗಿ ಬೇಲಿ ಯಾಕೆ ಹಾಕಿಲ್ಲ ಅಂತ ಬೈಸ್ಕೊಂಡು ಬರ್ತಾರೆ. ಮೇಕೆ ಬಗ್ಗೆ ಒಂದು ಎಚ್ಚರಿಕೆ, ನಾಲ್ಕು ಅಡಿ ಬೇಲಿ ಅದಕ್ಕೆ ಬೇಲಿ ಅಲ್ಲ, ಮೂಲೆ ಕಂಬಕ್ಕೆ ಒರಗಿಸಿದ ಆಸರೆ ಕಂಬ ಇರುತ್ತಲ್ಲ ಓರೆಯಾಗಿ, ಅದನ್ನ ಒಳಗಡೆ ಹಾಕಿದ್ರೆ ಅದರ ಮೇಲೆ ನಡ್ಕೊಂಡು ಹೋಗಿ ಆಚೆ ಹಾರ್ತವೆ. ಆಸರೆ ಹೊರಗಡೆ ಇರಲಿ.

ಮಾಜಿ_ಖಜಾಂಚಿ
ಎಕರೆಗೆ ಇಷ್ಟು ಅನ್ನೋ ಮಿತಿ ಅಂದ್ರೆ ನನಗೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ನೆನಪಾಗುತ್ತೆ. ಅಲ್ಲಿ ಊರವರು 1483ರಲ್ಲಿ ಬೆಟ್ಟದ ಹುಲ್ಲುಗಾವಲು, ಕಾಡು ನೋಡ್ಕೊಳ್ಳೋಕೆ ಅಂತ ಸಂಘ ಮಾಡಿ ಸಹಿ ಹಾಕಿದಾರೆ. 1517ರ ಹೊತ್ತಿಗೆ ಒಂದು ನಿಯಮ: ಚಳಿಗಾಲದಲ್ಲಿ ನಿನ್ನ ಸ್ವಂತ ಮೇವಲ್ಲಿ ಎಷ್ಟು ಹಸು ಸಾಕೋಕಾಗುತ್ತೋ ಅಷ್ಟನ್ನೇ ಬೇಸಿಗೇಲಿ ಬೆಟ್ಟಕ್ಕೆ ಬಿಡಬಹುದು. ಎಷ್ಟು ಸರಳ ನೋಡಿ, ಬೇಸಿಗೆಗೆ ಅಂತ ಹೊರಗಿಂದ ಹಸು ತಂದು ತುಂಬ್ಸೋಕಾಗಲ್ಲ, ಎಣಿಸೋದೂ ಸುಲಭ, ಕಳ್ಳಾಟಕ್ಕೆ ಜಾಗಾನೇ ಇಲ್ಲ. ಎಲಿನರ್ ಆಸ್ಟ್ರಮ್ ಇಂಥದ್ದನ್ನೇ ಅಧ್ಯಯನ ಮಾಡಿದ್ದು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಮೊದಲ ಮಹಿಳೆ. ಅವರು ಗಮನಿಸಿದ್ದರಲ್ಲಿ ನನಗೆ ಕೆಲಸಕ್ಕೆ ಬಂದಿದ್ದು ಎರಡು. ನಿಯಮ ಪಾಲಿಸೋರೇ ನಿಯಮ ಮಾಡೋದ್ರಲ್ಲೂ ಇರ್ಬೇಕು. ದಂಡ ಮೊದಲ ಸಲಕ್ಕೆ ತೀರಾ ಸಣ್ಣದಿರ್ಬೇಕು, ಮತ್ತೆ ಮತ್ತೆ ಮಾಡಿದ್ರೆ ಏರ್ತಾ ಹೋಗ್ಬೇಕು. ನಾನು ನೋಡಿದ ಹಾಗೆ ಮೊದಲ ತಪ್ಪಿಗೇ ವಕೀಲರ ನೋಟಿಸ್ ಕಳ್ಸೋ ಸಂಘಗಳು ಆಮೇಲೆ ವಂತಿಗೆಗಿಂತ ಜಾಸ್ತಿ ವಕೀಲರಿಗೇ ಕೊಡ್ತವೆ.

ಸಂಘ_ಬೇಡಪ್ಪ
ಸ್ವಿಟ್ಜರ್ಲೆಂಡ್ ಎಲ್ಲಾ ಸರಿ ಸಾರ್. ನಾನಿದ್ದ ಕಡೆ ಕಥೆ ಕೇಳಿ. ಮೂರೇ ಜನ, ವರ್ಷಗಟ್ಟಲೆ ಅದೇ ಮೂರು ಜನ ಕಮಿಟಿ. ಮೀಟಿಂಗಿಗೆ ಬರೋದು ಏಳೆಂಟು ಜನ, ಅಧ್ಯಕ್ಷರ ಜೇಬಲ್ಲಿ ಮಾತ್ರ ಹನ್ನೆರಡು ಪ್ರಾಕ್ಸಿ, ಅಂದ್ರೆ ಬೇರೆಯವರ ಪರವಾಗಿ ವೋಟು ಹಾಕೋ ಪತ್ರ, ಊರಲ್ಲಿಲ್ಲದ ಮಾಲೀಕರದ್ದೆಲ್ಲಾ ಸಹಿ ಹಾಕ್ಸಿ ಇಟ್ಕೊಂಡಿದ್ದ. ನಾವೆಲ್ಲಾ ಕೈ ಎತ್ತಿದ್ರೂ ಅವನೊಬ್ಬನೇ ಗೆಲ್ತಿದ್ದ. ಲೆಕ್ಕ ಕೇಳಿದ್ರೆ ಮುಂದಿನ ಮೀಟಿಂಗಲ್ಲಿ ಅನ್ನೋರು, ಮುಂದಿನ ಮೀಟಿಂಗಿಗೆ ಕೋರಂ ಇಲ್ಲ, ಅಂದ್ರೆ ಇರಬೇಕಾದಷ್ಟು ಜನ ಬಂದಿಲ್ಲ ಅನ್ನೋರು. ಮಾರಿ ಬಂದೆ. ಅದಕ್ಕೇ ಬೇಡಪ್ಪ ಅಂತ ಹೆಸರಿಟ್ಕೊಂಡಿರೋದು.

ಮೇಕೆ_ಮೇಡಂ
ಅಯ್ಯೋ ಪಾಪ. ಇದು ನಿಜವಾಗ್ಲೂ ಆಗುತ್ತೆ, ನಮ್ಮಲ್ಲೂ ಸ್ವಲ್ಪ ಹಾಗೇ ಇತ್ತು.

ಮಾಜಿ_ಖಜಾಂಚಿ
ಬೇಡಪ್ಪ ಅವರೇ, ಈಗ ನಿಮ್ಮ ಕೋಪ ಅರ್ಥ ಆಯ್ತು. ಹೊಸ_ಜಾಗ ಅವರೇ, ಇವರು ಹೇಳಿದ್ದನ್ನ ಬೈಲಾದಲ್ಲಿ ಹೀಗೆ ಹುಡುಕಿ. ಒಬ್ಬರ ಹತ್ರ ಗರಿಷ್ಠ ಎಷ್ಟು ಪ್ರಾಕ್ಸಿ ಇರಬಹುದು, ಮಿತಿ ಹಾಕಿಲ್ಲ ಅಂದ್ರೆ ಅಪಾಯ. ಪ್ರಾಕ್ಸಿ ಒಂದು ಮೀಟಿಂಗಿಗೆ ಮಾತ್ರಾನಾ ಇಲ್ಲಾ ಶಾಶ್ವತಾನಾ. ಕಮಿಟಿ ಅವಧಿ ಎಷ್ಟು. ಕೋರಂ ಆಗ್ದಿದ್ರೆ ಮುಂದೂಡಿದ ಮೀಟಿಂಗಿಗೆ ಕೋರಂ ಕಡಿಮೆ ಅಂತ ಬರೆದಿದಾರಾ. ಇದು ಬಹಳ ಮುಖ್ಯ, ಅರ್ಧ ಜನ ದೂರದಲ್ಲಿರೋ ಕಡೆ ಶೇಕಡ 50 ಕೋರಂ ಇಟ್ರೆ ಯಾವತ್ತೂ ಏನೂ ತೀರ್ಮಾನ ಆಗಲ್ಲ, ಆಗ ಕಮಿಟಿ ಹೇಳಿದ್ದೇ ಕಾನೂನು. ಲೆಕ್ಕಪತ್ರ ನೋಡೋ ಹಕ್ಕು ಸದಸ್ಯರಿಗೆ ಇದೆಯಾ, ಕೇಳಿ ಎಷ್ಟು ದಿನದಲ್ಲಿ ಕೊಡ್ಬೇಕು. ವಂತಿಗೆ ಏರಿಸೋಕೆ ಕಮಿಟಿ ಸಾಕಾ, ಎಲ್ಲರ ವೋಟು ಬೇಕಾ. ವೋಟು ಜಾಗಕ್ಕೊಂದಾ ಎಕರೆಗೊಂದಾ, ಎಕರೆಗೊಂದು ಅಂದ್ರೆ ದೊಡ್ಡ ಜಮೀನಿರೋ ಇಬ್ಬರೇ ಎಲ್ಲಾ ತೀರ್ಮಾನ ಮಾಡ್ತಾರೆ.

ಕೊನೇಮನೆ
ನೀರಿನ ಬಗ್ಗೆ ಕೇಳೇ ಇಲ್ವಲ್ಲ ನೀವು? ಬೋರ್‌ವೆಲ್ ಸ್ವಂತದ್ದಾ ಹಂಚಿಕೊಳ್ಳೋದಾ?

ಹೊಸ_ಜಾಗ
ಪಕ್ಕದ ಜಾಗದ ಜೊತೆ ಶೇರಿಂಗ್. ಬೋರ್ ಅವರ ಜಾಗದಲ್ಲಿದೆ.

ಕೊನೇಮನೆ
ಹಾಗಿದ್ರೆ ಅದಕ್ಕೆ ಬೇರೆ ಕರಾರು ಬೇಕು, ಬಾಯಿಮಾತು ಸಾಲದು, ಅದೂ ಜಾಗದ ಜೊತೆ ನೋಂದಣಿ ಆಗಿರ್ಬೇಕು. ಕರೆಂಟ್ ಬಿಲ್ ಹೇಗೆ, ಮೋಟರ್ ಸುಟ್ರೆ ಯಾರು, ರಾತ್ರಿ ಸುಟ್ರೆ ಅವರ ಜಾಗದೊಳಗೆ ಹೋಗಿ ರಿಪೇರಿ ಮಾಡ್ಸೋ ಹಕ್ಕು ಇದೆಯಾ, ತೋಟಕ್ಕೆ ಬಳಸಬಹುದಾ ಬರೀ ಮನೆಗಾ, ನೀರು ಇಳಿದು ಹೋದ್ರೆ ಹೊಸದು ಕೊರೆಸೋಕೆ ಇಬ್ಬರೂ ಹಾಕ್ಬೇಕಾ. ಎರಡೂ ಲೈನಿಗೆ ಬೇರೆ ಬೇರೆ ನೀರಿನ ಮೀಟರ್ ಹಾಕ್ಸಿದ್ರೆ ಅರ್ಧ ತಲೆನೋವು ಹೋಗುತ್ತೆ. ಸೆಪ್ಟಿಕ್ ಟ್ಯಾಂಕ್ ಬೋರಿಂದ ದೂರ ಇರಲಿ, ನೀರು ಇಂಗೋ ಗುಂಡಿ ನೂರಡಿ ಆದ್ರೂ ಆಚೆ ಅಂತ ಬಹಳ ಕಡೆ ನಿಯಮ.

ಹೊಸ_ಜಾಗ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲಾ ಓದ್ಕೊಂಡು ಸಂಘದವರಿಗೆ ಮೇಲ್ ಮಾಡಿ ಹಳೇ ಮೀಟಿಂಗ್ ಮಿನಿಟ್ಸು, ಜಮಾಖರ್ಚು ತರಿಸ್ಕೊಂಡೆ, ತಕರಾರಿಲ್ಲದೆ ಕಳ್ಸಿದ್ರು. ಪ್ರಾಕ್ಸಿಗೆ ಮಿತಿ ಇದೆ, ತಲೆಗೆ ಎರಡು. ಮೇಕೆ ಎಕರೆಗೆ ನಾಲ್ಕು. ಕ್ರಯಪತ್ರದಲ್ಲಿ ಸದಸ್ಯತ್ವ ಕಡ್ಡಾಯ ಅಂತಾನೇ ಇದೆ. ಒಂದು ಮಾತ್ರ ಕಣ್ಣಿಗೆ ಹೊಡೀತು, ಮೂರು ವರ್ಷದ ಮಿನಿಟ್ಸಲ್ಲೂ ಕೊನೇಲಿ ಒಂದೇ ಸಾಲು, "ಹಳ್ಳದ ಮೋರಿ ಬದಲಿಸುವ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು." ಜಮಾಖರ್ಚಲ್ಲಿ ಮೀಸಲು ನಿಧಿ ಅನ್ನೋ ಜಾಗದಲ್ಲಿ ಒಂದು ಗೆರೆ ಎಳೆದಿದಾರೆ.

ಜಲ್ಲಿಪುಡಿ
ಹೋಗಿ ಆ ಮೋರಿ ನೋಡ್ಕೊಂಡು ಬನ್ನಿ, ನೀರು ಬಂದು ಬೀಳೋ ಬಾಯಲ್ಲ, ಆಚೆ ಹೋಗೋ ಬಾಯಿ. ತಗಡಿನ ಪೈಪ್ ಆಗಿದ್ರೆ ತಳ ತುಕ್ಕು ಹಿಡಿದು ತೂತಾಗಿದೆಯಾ, ಪೈಪ್ ಕೆಳಗೆ ಮಣ್ಣು ಕೊಚ್ಚಿ ಗುಂಡಿ ಬಿದ್ದಿದೆಯಾ, ಮೇಲ್ಗಡೆ ರಸ್ತೇಲಿ ಅಡ್ಡಕ್ಕೆ ಸಣ್ಣ ತಗ್ಗು ಕಾಣುತ್ತಾ. ಮೂರೂ ಇದ್ರೆ ಅದು ಮುಂದಿನ ಸಭೆ ತನಕ ಕಾಯಲ್ಲ.

ಮಾಜಿ_ಖಜಾಂಚಿ
ಮೀಸಲು ನಿಧಿ ಇಲ್ಲ ಅಂದ್ರೆ ಮೋರಿ ಕುಸಿದ ವರ್ಷ ಎಲ್ಲರಿಗೂ ವಿಶೇಷ ವಂತಿಗೆ ಅಂತ ಒಂದೇ ಏಟಿಗೆ ಹಾಕ್ತಾರೆ, ಆಗ ಮಾಲೀಕರು ಯಾರಿದಾರೋ ಅವರ ಮೇಲೆ. ಕರಾರಲ್ಲೇ ಬರೆಸಿ, ಕ್ರಯಕ್ಕೆ ಮುಂಚೆ ಠರಾವು ಆಗಿರೋ ಅಥವಾ ಮಿನಿಟ್ಸಲ್ಲಿ ಬಾಕಿ ಇರೋ ಕೆಲಸಕ್ಕೆ ಬರೋ ವಿಶೇಷ ವಂತಿಗೆ ಮಾರೋರದ್ದು ಅಂತ. ಒಪ್ಪಲಿಲ್ಲ ಅಂದ್ರೆ ಆ ಅಂದಾಜು ಮೊತ್ತ ಬೆಲೇಲಿ ಇಳಿಸ್ಕೊಡಿ ಅನ್ನಿ.

ಸಂಘ_ಬೇಡಪ್ಪ
ಆ ಹಳ್ಳ ದಾಟದೇ ನಿಮ್ಮ ಜಾಗಕ್ಕೆ ಹೋಗೋಕೆ ಬೇರೆ ದಾರಿ ಇದೆಯಾ?

ಹೊಸ_ಜಾಗ
ಇಲ್ಲ ಸರ್. ಅದೊಂದೇ. ಭಾನುವಾರ ಹೋಗಿ ಫೋಟೋ ಹಾಕ್ತೀನಿ.